ಎಂಟು ಪಟ್ಟಿನ ಮಸೂರ ಯಾರಿಗೆ ಬೇಕು?

ಪದಾತಿ ಸೈನಿಕನ ರೈಫಲ್ ಮೇಲೆ ಎಷ್ಟು ಪಟ್ಟು ಹಿಗ್ಗಿಸಿ ತೋರಿಸುವ ಸ್ಕೋಪ್ ಇರಬೇಕು? ಮೇಲ್ನೋಟಕ್ಕೆ ಇದು ಶಸ್ತ್ರಾಗಾರದ ಉಗ್ರಾಣಿಯೇ ಇತ್ಯರ್ಥಪಡಿಸಬಹುದಾದ ಕ್ಷುಲ್ಲಕ ಸಂಗತಿ. ಆದರೆ ಈ ಪ್ರಶ್ನೆಗೆ ಉತ್ತರವಾಗಿ ಅಮೆರಿಕದ ಭೂಸೇನೆ 2022ರ ಜನವರಿಯಲ್ಲಿ ಗರಿಷ್ಠ 270 ಕೋಟಿ ಡಾಲರ್ ಮೌಲ್ಯದ ಗುತ್ತಿಗೆಯನ್ನು ವೋರ್ಟೆಕ್ಸ್ ಸಂಸ್ಥೆಗೆ ನೀಡಿತು. ಹತ್ತು ವರ್ಷಗಳ ಅವಧಿಯಲ್ಲಿ 2.5 ಲಕ್ಷದವರೆಗೆ ಸಾಧನಗಳನ್ನು ಪೂರೈಸುವುದು ಒಪ್ಪಂದ. ಒಂದರಿಂದ ಎಂಟು ಪಟ್ಟಿನವರೆಗೆ ಹೊಂದಿಸಬಲ್ಲ ಈ ಸ್ಕೋಪಿನೊಳಗೆ ಲೇಸರ್ ದೂರಮಾಪಕವಿದೆ, ಗುಂಡಿನ ಪಥ ಲೆಕ್ಕಹಾಕುವ ಗಣಕವಿದೆ, ದಿಕ್ಸೂಚಿಯಿದೆ, ಗಾಳಿಯ ಒತ್ತಡ ಅಳೆಯುವ ಸಂವೇದಕವೂ ಇದೆ.

ಇಷ್ಟೆಲ್ಲ ಇದ್ದೂ ಪೆಂಟಗನ್ನಿನ ಪರೀಕ್ಷಾ ವಿಭಾಗ 2025ರ ಆರಂಭದಲ್ಲಿ ಹೊರತಂದ ವಾರ್ಷಿಕ ವರದಿ ಮುಖ ಸಿಂಡರಿಸಿತು. ಬಳಕೆಯ ಸೌಲಭ್ಯದ ವಿಷಯದಲ್ಲಿ ಸೈನಿಕರು ಅದಕ್ಕೆ ನೀಡಿದ್ದು ಸಾಧಾರಣಕ್ಕಿಂತ ಕೆಳಗಿನ, ಹೆಚ್ಚುಕಡಿಮೆ ನಪಾಸಿನ ದರ್ಜೆ. 72 ಗಂಟೆಗಳ ಯುದ್ಧಕಾರ್ಯವೊಂದನ್ನು ಗಂಭೀರ ದೋಷ ಕಾಣಿಸಿಕೊಳ್ಳದೆ ಪೂರೈಸುವ ಸಂಭವವೂ ಕಡಿಮೆ ಎಂದು ವರದಿ ದಾಖಲಿಸಿತು.

ಈ ಹಂತಕ್ಕೆ ಬಂದು ನಿಂತಿದ್ದರ ಹಿಂದೆ ಅಫ್ಘಾನಿಸ್ತಾನವಿದೆ. 1990ರ ದಶಕದ ಕೊನೆಯಿಂದ ಅಮೆರಿಕದ ಭೂಸೇನೆ ಹಿಗ್ಗಿಸದೆ ಕೆಂಪು ಚುಕ್ಕೆಯೊಂದನ್ನಷ್ಟೇ ತೋರಿಸುವ ಸಾಧನವನ್ನು ನೆಚ್ಚಿಕೊಂಡಿತ್ತು. ಎರಡೂ ಕಣ್ಣು ತೆರೆದಿಟ್ಟುಕೊಂಡು ಕ್ಷಣಾರ್ಧದಲ್ಲಿ ಗುರಿ ಹಿಡಿಯಲು ಅದಕ್ಕಿಂತ ಉತ್ತಮವಾದುದಿಲ್ಲ. ಇರಾಕಿನ ಓಣಿಗಳಲ್ಲಿ ಅದು ಒದಗಿಬಂತು. ಅಫ್ಘಾನ್ ಕಣಿವೆಗಳ ಲೆಕ್ಕ ಬೇರೆ. ಅಲ್ಲಿನ ಚಕಮಕಿಗಳಲ್ಲಿ ಅರ್ಧದಷ್ಟು 300 ಮೀಟರ್‌ಗಳಾಚೆಗೆ ನಡೆಯುತ್ತಿವೆ ಎಂದು ಮೇಜರ್ ಥಾಮಸ್ ಎರ್‌ಹಾರ್ಟ್ 2009ರ ತಮ್ಮ ಪ್ರಬಂಧದಲ್ಲಿ ವಾದಿಸಿದರು. ಆ ಅಂತರದಲ್ಲಿ ಬಂಡೆಯ ಮರೆಯ ಮನುಷ್ಯ ಬರಿಗಣ್ಣಿಗೆ ಕಾಣುವುದೇ ಕಷ್ಟ.

ಮರೀನ್ ಪಡೆ ಆ ವೇಳೆಗಾಗಲೇ ನಾಲ್ಕು ಪಟ್ಟಿನ ಸ್ಥಿರ ಸ್ಕೋಪನ್ನು ಸಾಮಾನ್ಯ ಸೈನಿಕನ ಕೈಗೂ ಕೊಟ್ಟಿತ್ತು. ದೂರಕ್ಕೆ ಅದು ಸೈ, ಕೋಣೆಯೊಳಗೆ ತೊಡಕು. ಒಂದೇ ಸಾಧನ ಎರಡೂ ಕೆಲಸ ಮಾಡಲಿ ಎಂಬ ಆಸೆಯೇ ಒಂದರಿಂದ ಆರು, ಒಂದರಿಂದ ಎಂಟು ಪಟ್ಟಿನ ಸ್ಕೋಪುಗಳನ್ನು ಸೇನೆಗಳ ಬಾಗಿಲಿಗೆ ತಂದಿತು. 2020ರ ಫೆಬ್ರವರಿಯಲ್ಲಿ ಮರೀನ್ ಪಡೆ ಟ್ರಿಜಿಕಾನ್ ಸಂಸ್ಥೆಯ ಒಂದರಿಂದ ಎಂಟು ಪಟ್ಟಿನ ಸುಮಾರು 19 ಸಾವಿರ ಸ್ಕೋಪುಗಳಿಗೆ 6.4 ಕೋಟಿ ಡಾಲರ್‌ನ ಗುತ್ತಿಗೆ ನೀಡಿತು.

ಆದರೆ ಬೆಳಕಿನ ನಿಯಮಗಳಿಗೆ ಗುತ್ತಿಗೆಗಳ ಹಂಗಿಲ್ಲ. ಸ್ಕೋಪಿನಿಂದ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ತಿಳಿಯಬೇಕಾದರೆ ಮುಂದಿನ ಮಸೂರದ ವ್ಯಾಸವನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಸಾಕು. ಮರೀನರ ಹಳೆಯ ಸ್ಕೋಪಿನಲ್ಲಿ 32 ಮಿಲಿಮೀಟರ್ ಮಸೂರ, ನಾಲ್ಕು ಪಟ್ಟು; ಸಿಗುವುದು 8 ಮಿಲಿಮೀಟರ್. ಹೊಸದರಲ್ಲಿ 28 ಮಿಲಿಮೀಟರ್ ಮಸೂರ. ಎಂಟು ಪಟ್ಟಿಗೆ ತಿರುಗಿಸಿದಾಗ ಸಿಗುವುದು ಕೇವಲ ಮೂರೂವರೆ. ಕತ್ತಲಲ್ಲಿ ಯುವಕನ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್‌ವರೆಗೆ ಹಿಗ್ಗುತ್ತದೆ. ಹೀಗಾಗಿ ಮುಸ್ಸಂಜೆಯಲ್ಲಿ ಎಂಟು ಪಟ್ಟಿನ ಚಿತ್ರ ದೊಡ್ಡದಾಗಿರುತ್ತದೆ, ಮಂಕೂ ಆಗಿರುತ್ತದೆ. ಅಷ್ಟೇ ಅಲ್ಲ, ಅಷ್ಟು ಕಿರಿದಾದ ವೃತ್ತಕ್ಕೆ ಕಣ್ಣನ್ನು ಕರಾರುವಾಕ್ಕಾಗಿ ಹೊಂದಿಸಬೇಕು. ತಲೆ ಕೊಂಚ ಸರಿದರೂ ಅಂಚಿನಲ್ಲಿ ಕಪ್ಪು ನೆರಳು ಕವಿಯುತ್ತದೆ. ಚಾಂದಮಾರಿ ಮೈದಾನದಲ್ಲಿ ಒರಗಿ ಮಲಗಿದವನಿಗೆ ಇದು ಸಮಸ್ಯೆಯಲ್ಲ; ಏದುಸಿರು ಬಿಡುತ್ತ ಗೋಡೆಯ ಮರೆಗೆ ಓಡಿ ಬಂದವನಿಗೆ ಸಮಸ್ಯೆ. ಮಾರಾಟದ ಕರಪತ್ರಗಳಲ್ಲಿ ಈ ಮಾತು ದೊಡ್ಡಕ್ಷರದಲ್ಲಿ ಅಚ್ಚಾಗುವುದಿಲ್ಲ.

ತೂಕದ ಪ್ರಶ್ನೆಯೂ ಇದೆ. ನಾಲ್ಕು ಪಟ್ಟಿನ ಹಳೆಯ ಸ್ಕೋಪು ಹಿಡಿಕೆಯ ಸಮೇತ ಅರ್ಧ ಕಿಲೋದೊಳಗಿತ್ತು. ಹೊಸದು ಮುಕ್ಕಾಲು ಕಿಲೋ ಮೀರುತ್ತದೆ. ಭೂಸೇನೆಯ ಹೊಸ 6.8 ಮಿಲಿಮೀಟರ್ ಎಂ7 ರೈಫಲ್‌ನ ಜತೆ ಸೈನಿಕ ಹೊರುವುದು 140 ಗುಂಡು. ಹಳೆಯ ಎಂ4 ಜತೆಗೆ ಒಯ್ಯುತ್ತಿದ್ದುದು 210. ದೂರದ ಶತ್ರುವನ್ನು ಸ್ಪಷ್ಟವಾಗಿ ಕಾಣಲು ತೆತ್ತ ಬೆಲೆಯಲ್ಲಿ ಇದೂ ಸೇರಿದೆ. ತುಕಡಿಗೊಬ್ಬ ನುರಿತ ಗುರಿಕಾರನಿಗೆ ಒಂದರಿಂದ ಆರು ಪಟ್ಟಿನ ಸ್ಕೋಪು ಕೊಡುವ ಕ್ರಮ ಅದೇ ಸೇನೆಯಲ್ಲಿದೆ. ಅದು ವಿವೇಕದ ನಡೆ. ಎಲ್ಲರ ರೈಫಲ್‌ಗೂ ಎಂಟು ಪಟ್ಟು ಏರಿಸಹೊರಟದ್ದು ಕಳೆದ ಯುದ್ಧದ ಭೂಗೋಳಕ್ಕೆ ಕೊಟ್ಟ ಉತ್ತರದಂತೆ ಕಾಣುತ್ತದೆ.

ಇದು ಭಾರತಕ್ಕೂ ದೂರದ ವಿಷಯವಲ್ಲ. ಎಂ7 ತಯಾರಿಸುವ ಸಿಗ್ ಸೌವರ್ ಸಂಸ್ಥೆಯಿಂದಲೇ ಭಾರತೀಯ ಸೇನೆ 2019ರಲ್ಲಿ 72,400 ಸಿಗ್ 716 ರೈಫಲ್‌ಗಳನ್ನು ಖರೀದಿಸಿತು. 2024ರಲ್ಲಿ ಮತ್ತೆ 73 ಸಾವಿರಕ್ಕೆ ಬೇಡಿಕೆ ಸಲ್ಲಿಸಿತು. ನಿಯಂತ್ರಣ ರೇಖೆಯ ಮುಂಚೂಣಿ ಠಾಣೆಗಳಿಗೆ 7.62 ಮಿಲಿಮೀಟರ್‌ನ ಭಾರದ ಗುಂಡು ಬೇಕೆಂಬುದು ಇದರ ಹಿಂದಿನ ತರ್ಕ. ಇನ್ನೊಂದೆಡೆ ಅಮೇಠಿಯ ಕೋರ್ವಾದಲ್ಲಿ ತಯಾರಾಗುವ ಎಕೆ-203ರ ಪರಿಣಾಮಕಾರಿ ವ್ಯಾಪ್ತಿ 300 ಮೀಟರ್ ಎಂದು ರಕ್ಷಣಾ ಸಚಿವಾಲಯವೇ ಹೇಳಿದೆ. ಆರು ಲಕ್ಷಕ್ಕೂ ಅಧಿಕ ಸಂಖ್ಯೆಯಲ್ಲಿ ಬರಲಿರುವ ಈ ರೈಫಲ್‌ಗೆ ಎಂಟು ಪಟ್ಟಿನ ಸ್ಕೋಪು ಅನಗತ್ಯ ಆಡಂಬರ. ಕೆಂಪು ಚುಕ್ಕೆಯ ಸಾಧನ ಸಾಕು. ದಿಣ್ಣೆಯಿಂದ ದಿಣ್ಣೆಗೆ ಕಾವಲು ಕಾಯುವ ಸಿಗ್ 716ಕ್ಕೆ ಹಾಗಲ್ಲ. ನಾಲ್ಕು ಪಟ್ಟಿನದೋ, ಒಂದರಿಂದ ಆರು ಪಟ್ಟಿನದೋ ಇಲ್ಲದಿದ್ದರೆ ಆ ಗುಂಡಿನ ಹೆಚ್ಚುವರಿ ವ್ಯಾಪ್ತಿಗೆ ಹೆಚ್ಚಿನ ಅರ್ಥವಿಲ್ಲ.

ಗಮನಿಸಬೇಕಾದದ್ದು ಖರೀದಿಯ ಕ್ರಮ. ಸಿಗ್ 716ಕ್ಕೆ ರಾತ್ರಿ ದೃಷ್ಟಿಸಾಧನ ಪೂರೈಸುವ 659.47 ಕೋಟಿ ರೂಪಾಯಿಗಳ ಒಪ್ಪಂದಕ್ಕೆ ಎಂಕೆಯು ಮತ್ತು ಮೆಡ್‌ಬಿಟ್ ಸಂಸ್ಥೆಗಳ ಕೂಟದೊಂದಿಗೆ ಸಚಿವಾಲಯ ಸಹಿ ಹಾಕಿದ್ದು 2025ರ ಅಕ್ಟೋಬರ್‌ನಲ್ಲಿ. ರೈಫಲ್‌ನ ದೀರ್ಘ ವ್ಯಾಪ್ತಿಯನ್ನು ಸೈನಿಕರು ಪೂರ್ಣವಾಗಿ ಬಳಸಿಕೊಳ್ಳಲು ಇದು ನೆರವಾಗಲಿದೆ, ನಕ್ಷತ್ರಗಳ ಬೆಳಕಿನಲ್ಲೂ 500 ಮೀಟರ್‌ವರೆಗೆ ಗುರಿಯಿಡಬಹುದು ಎಂದು ಸಚಿವಾಲಯ ಆಗ ಹೇಳಿಕೊಂಡಿತು. ಮೊದಲ ಕಂತಿನ ರೈಫಲ್ ಖರೀದಿಗೂ ಈ ಸಹಿಗೂ ನಡುವೆ ಆರು ವರ್ಷಗಳಿಗೂ ಮಿಕ್ಕಿದ ಅಂತರವಿದೆ. ಅಮೆರಿಕ ತನ್ನ ಹೊಸ ರೈಫಲ್ ಆಯ್ಕೆಯನ್ನು 2022ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಅದರ ಸ್ಕೋಪಿನ ಗುತ್ತಿಗೆ ಅದಕ್ಕೂ ಮೂರು ತಿಂಗಳು ಮುಂಚೆಯೇ ಆಗಿತ್ತು.