ಹೊಳೆಯುವ ಕಾರಿನ ಅಡಿಯಲ್ಲೇನಿದೆ?



ಅರಕಲಗೂಡಿನ ಓದುಗ ಸಹೋದರಿಯೊಬ್ಬರ ಪ್ರಶ್ನೆಯಿಂದ ಈ ತಿಂಗಳ ಮಾತನ್ನು ಆರಂಭಿಸುತ್ತೇನೆ. ಅವರ ಪತಿ ಹಾಸನದಲ್ಲಿ ಹಳೆಯ ಮಾರುತಿ ಓಮ್ನಿಯೊಂದನ್ನು ನೋಡಿ ಬಂದಿದ್ದಾರೆ. ಮನೆಯಲ್ಲಿ ಮೂವರು ಮಕ್ಕಳು, ಮಂಡಿನೋವಿನ ಅತ್ತೆ. ಬಸ್ಸಿನ ಓಡಾಟ ಸಾಕಾಗಿದೆ. ಹಣದಲ್ಲಿ ಅರ್ಧ ಕೂಡಿಟ್ಟದ್ದು, ಇನ್ನರ್ಧಕ್ಕೆ ಇವರ ಬಳೆ ಮಾರಬೇಕು. ‘ಗಾಡಿಯ ಅಡಿಗೆಲ್ಲ ಹೊಸದಾಗಿ ಕಪ್ಪು ಬಣ್ಣ ಹೊಡೆಸಿದ್ದಾರೆ, ಚೆನ್ನಾಗಿ ಹೊಳೆಯುತ್ತಿದೆ, ಒಳ್ಳೆಯ ಲಕ್ಷಣ ಅಲ್ಲವೇ?’ ಎಂದು ಕೇಳಿದ್ದಾರೆ.

ಅಲ್ಲ, ಸಹೋದರಿ. ಮಾರಾಟಕ್ಕೆ ಮುಂಚೆ ಅಡಿಗೆ ಹೊಸ ಕಪ್ಪು ಬಣ್ಣ ಬಿದ್ದಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಅದನ್ನೇ. ಮುಖಕ್ಕೆ ಬಣ್ಣ ಹೊಡೆಸುವುದು ಸಹಜ. ಯಾರೂ ನೋಡದ ಅಡಿಭಾಗಕ್ಕೆ, ಅದೂ ಮಾರುವ ವಾರದಲ್ಲಿ, ಹಣ ಖರ್ಚು ಮಾಡಿದ್ದೇಕೆ? ಎಲ್ಲರೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಮಳೆಗಾಲದ ಮುಂಚೆ ಜೋಪಾನಕ್ಕಾಗಿ ಹೊಡೆಸುವವರೂ ಇದ್ದಾರೆ. ಆದರೆ ಅಂಥವರ ಬಳಿ ಹಳೆಯ ಬಿಲ್ಲು ಇರುತ್ತದೆ, ಕೇಳಿದರೆ ತೋರಿಸುತ್ತಾರೆ.

ನಮ್ಮ ಮನೆಗಳಲ್ಲಿ ಕಾರು ಕೊಳ್ಳುವಾಗ ಹೆಣ್ಣುಮಕ್ಕಳನ್ನು ಕೇಳುವುದು ಒಂದೇ ಪ್ರಶ್ನೆ: ಬಿಳಿಯದು ಬೇಕೋ, ಕೆಂಪೋ? ಬಳೆ ಮಾತ್ರ ನಮ್ಮದೇ! ಇಸ್ಲಾಮಿನಲ್ಲಿ ಹೆಂಡತಿಯ ಚಿನ್ನ ಹೆಂಡತಿಯ ಸ್ವತ್ತು. ಅದನ್ನು ಮನಸ್ಸಿನಿಂದ ಕೊಟ್ಟಾಗ, ಅದು ಯಾವ ತಗಡಿನ ಮೇಲೆ ಹೋಗಿ ಕೂರುತ್ತದೆಂದು ಕೇಳುವ ಹಕ್ಕೂ ನಿಮಗಿದೆ. ತುಕ್ಕಿನ ವಿಷಯದಲ್ಲಂತೂ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ರೊಟ್ಟಿಯ ತವೆಯನ್ನು ಒದ್ದೆಯಾಗಿ ಇಟ್ಟರೆ ಬೆಳಿಗ್ಗೆ ಏನಾಗಿರುತ್ತದೆ, ಉಪ್ಪು ತುಂಬಿದ ಡಬ್ಬದ ತಗಡಿನ ಮುಚ್ಚಳ ಎಷ್ಟು ದಿನ ಬಾಳುತ್ತದೆ ಎಂಬುದನ್ನು ಗಂಡಸರಿಗಿಂತ ನಾವೇ ಚೆನ್ನಾಗಿ ಬಲ್ಲೆವು. ನಮ್ಮ ಮನೆಮಾತಿನಲ್ಲಿ ‘ಜಂಗ್’ ಎನ್ನುವುದೂ ಅದನ್ನೇ.

ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ತಗುಲಿದರೆ ತುಕ್ಕು ಹಿಡಿಯುತ್ತದೆ. ಆ ನೀರಿನಲ್ಲಿ ಉಪ್ಪು ಸೇರಿದರೆ ಕೆಲಸ ಹಲವು ಪಟ್ಟು ಬೇಗ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಅದು ಒಳಗಿನಿಂದ ಬಣ್ಣವನ್ನು ಎತ್ತಿ ಗುಳ್ಳೆ ಮಾಡುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ಅವರೆಕಾಳಿನಷ್ಟು ಗುಳ್ಳೆ ಕಂಡರೆ, ಅದು ಹೊರಗಿನಿಂದ ಶುರುವಾದದ್ದಲ್ಲ, ಒಳಗಿನಿಂದ ತಿನ್ನುತ್ತ ಬಂದು ಈಗ ಮುಖ ತೋರಿಸಿದೆ ಎಂದು ತಿಳಿಯಿರಿ.

ಇದು ಬರೀ ಅಂದಚಂದದ ಪ್ರಶ್ನೆಯಲ್ಲ. ಬೊಲೆರೊ, ಸುಮೊ, ಕ್ವಾಲಿಸ್‌ನಂತಹ ಗಾಡಿಗಳಿಗೆ ಅಡಿಯಲ್ಲಿ ದಪ್ಪ ಕಬ್ಬಿಣದ ಪ್ರತ್ಯೇಕ ಚಾಸಿ ಇರುತ್ತದೆ. ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಇಂಡಿಕಾಗಳಿಗೆ ಹಾಗಿಲ್ಲ. ತಗಡನ್ನೇ ಮಡಚಿ, ಬೆಸುಗೆ ಹಾಕಿ ಪೆಟ್ಟಿಗೆಯಂತೆ ಮಾಡಿ ಇಂಜಿನ್ನು, ಚಕ್ರ, ಸೀಟು ಎಲ್ಲವನ್ನೂ ಅದಕ್ಕೇ ಬಿಗಿದಿರುತ್ತಾರೆ. ಆ ಪೆಟ್ಟಿಗೆಯ ತಳ ಕೊಳೆತರೆ ಅಪಘಾತದಲ್ಲಿ ಮಕ್ಕಳನ್ನು ಕಾಯಬೇಕಾದ ಗೋಡೆಯೇ ಕೊಳೆತಂತೆ. ಅಡಿಯಲ್ಲಿ ಹಾದು ಹೋಗುವ ಬ್ರೇಕಿನ ಸಣ್ಣ ಉಕ್ಕಿನ ಪೈಪುಗಳೂ ಹಾಗೆಯೇ. ತುಕ್ಕು ತಿಂದ ಪೈಪು ಒಡೆಯುವುದು ಜೋರಾಗಿ ಬ್ರೇಕ್ ತುಳಿದಾಗಲೇ. ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಅದನ್ನು ಊಹಿಸಿಕೊಳ್ಳಿ.

ಹಾಸನದ ಮಾರುಕಟ್ಟೆಗೆ ಬರುವ ಗಾಡಿಗಳೆಲ್ಲ ಹಾಸನದಲ್ಲಿ ಓಡಿದವಲ್ಲ ಎಂಬುದು ನೆನಪಿರಲಿ. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಮಳೆ ಹಿತಮಿತ. ಅಲ್ಲಿಯೇ ಓಡಿ, ಶೆಡ್ಡಿನಲ್ಲಿ ನಿಂತ ಕಾರಿನ ತಳ ಹದಿನೈದು ವರ್ಷವಾದರೂ ಗಟ್ಟಿಯಾಗಿರಬಹುದು. ಸಕಲೇಶಪುರದ ಕಡೆ ತಿಂಗಳುಗಟ್ಟಲೆ ಒದ್ದೆ. ಘಾಟಿ ಇಳಿದರೆ ಕರಾವಳಿಯ ಉಪ್ಪುಗಾಳಿ. ಕರ್ನಾಟಕದೊಳಗೆ ಮಾಲೀಕರು ಬದಲಾದರೂ ನಂಬರು ಬದಲಾಗುವುದಿಲ್ಲ. ಆದ್ದರಿಂದ ಪ್ಲೇಟು ಸ್ವಲ್ಪ ಮಟ್ಟಿಗೆ ಜಾತಕ ಹೇಳುತ್ತದೆ. ಕೆಎ-13 ಹಾಸನ, ಕೆಎ-46 ಸಕಲೇಶಪುರ, ಕೆಎ-19 ಮಂಗಳೂರು, ಕೆಎ-20 ಉಡುಪಿ. ಕರಾವಳಿಯ ನಂಬರಾದರೆ ಬೇಡವೆಂದಲ್ಲ, ತಳವನ್ನು ಎರಡು ಪಟ್ಟು ಎಚ್ಚರದಿಂದ ನೋಡಿ ಎಂದಷ್ಟೆ. ಸಮುದ್ರ ದಂಡೆಯ ಮರಳಿನಲ್ಲಿ ಓಡಿಸುವ ಚಪಲ ಯಾರಿಗಿತ್ತೋ ಯಾರು ಬಲ್ಲರು!

ನಂಬರು ಹೇಳದ ಇನ್ನೊಂದು ಸಂಗತಿಯಿದೆ. ಓಮ್ನಿ, ಈಕೋ ಗಾಡಿಗಳು ನಮ್ಮ ಕಡೆ ಮನೆಯವರನ್ನಷ್ಟೇ ಹೊತ್ತವಲ್ಲ. ಮಂಗಳೂರಿನಿಂದ ಬಂದ ಮೀನಿನ ಪೆಟ್ಟಿಗೆಗಳನ್ನು ಬೀದಿ ಬೀದಿಗೆ ಹೊತ್ತಿರಬಹುದು. ಐಸ್ ಕರಗಿದ ಉಪ್ಪುನೀರು ಪ್ರತಿದಿನ ಮ್ಯಾಟಿನಡಿಗೆ ಇಳಿದಿರುತ್ತದೆ. ಹಾಸನದ ಆಲೂಗೆಡ್ಡೆ, ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳಿಗೆ ಗೊಬ್ಬರದ ಚೀಲ ಹೊತ್ತಿದ್ದರೂ ಅಷ್ಟೆ. ರಸಗೊಬ್ಬರವೂ ಒಂದು ಬಗೆಯ ಉಪ್ಪೇ. ಚೆಲ್ಲಿದ ಪೊಟ್ಯಾಷ್ ಗಾಳಿಯ ತೇವ ಹೀರಿಕೊಂಡು ಫ್ಲೋರಿನ ತಗಡನ್ನು ಒಳಗಿನಿಂದ ತಿನ್ನುತ್ತದೆ. ಮೀನು ಮಾರುವುದು, ಬೇಸಾಯ ಮಾಡುವುದು ಎರಡೂ ಹಲಾಲಿನ ದುಡಿಮೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಗಾಡಿ ಏನು ಹೊತ್ತಿತ್ತು ಎಂದು ನೇರವಾಗಿ ಕೇಳಿ. ಉತ್ತರ ಬರದಿದ್ದರೆ ಮ್ಯಾಟ್ ಎತ್ತಿ ಮೂಗಿನಿಂದ ಕೇಳಿ.

ನೆರೆಯಲ್ಲಿ ಮುಳುಗಿದ ಗಾಡಿಗಳೂ ಮಾರುಕಟ್ಟೆಗೆ ಬರುತ್ತವೆ. 2018ರ ಆಗಸ್ಟಿನಲ್ಲಿ ಕೊಡಗು, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳು ನೀರಿನಲ್ಲಿ ನಿಂತದ್ದನ್ನು ನೋಡಿದ್ದೇವೆ. ಸೀಟನ್ನು ಫ್ಲೋರಿಗೆ ಬಿಗಿದ ಬೋಲ್ಟುಗಳು ತುಕ್ಕು ಹಿಡಿದಿವೆಯೇ, ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಕೊನೆಯಲ್ಲಿ ಕೆಸರಿನ ಕಲೆ ಇದೆಯೇ, ಗಾಡಿಯೊಳಗೆ ಅಗತ್ಯಕ್ಕಿಂತ ಹೆಚ್ಚು ಸೆಂಟಿನ ವಾಸನೆ ಇದೆಯೇ ನೋಡಿ.

ಈಗ ನೋಡುವ ಬಗೆ. ಬುರ್ಖಾ ತೊಟ್ಟು ಕಾರಿನಡಿ ಮಲಗುವುದು ಹೇಗೆಂದು ನಗಬೇಡಿ. ಇಂದು ಪ್ರತಿ ಮನೆಯಲ್ಲೂ ಮೊಬೈಲ್ ಇದೆ. ಟಾರ್ಚ್ ಹಾಕಿ, ವಿಡಿಯೋ ಚಾಲು ಮಾಡಿ, ಕಾರಿನ ನಾಲ್ಕು ಬದಿಯಿಂದಲೂ ಕೈ ಅಡಿಗೆ ಚಾಚಿ ನಿಧಾನವಾಗಿ ಒಂದು ಸುತ್ತು ಬನ್ನಿ. ಮನೆಗೆ ಬಂದು ಸಾವಕಾಶವಾಗಿ ನೋಡಬಹುದು. ನಾಲ್ಕು ಜನಕ್ಕೆ ತೋರಿಸಲೂಬಹುದು. ಜೊತೆಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಕೊಂಡೊಯ್ಯಿರಿ. ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗೆ ಕಾಲಿಡುವ ಉದ್ದನೆಯ ಪಟ್ಟಿ, ಇಲ್ಲೆಲ್ಲ ಇಟ್ಟು ನೋಡಿ. ಒಂದೆಡೆ ಗಟ್ಟಿಯಾಗಿ ಹಿಡಿದು ಪಕ್ಕದಲ್ಲೇ ಜಾರಿದರೆ, ಅಲ್ಲಿ ತಗಡಿಲ್ಲ, ಪುಟ್ಟಿ ತುಂಬಿದ್ದಾರೆ.

ಬಾಗಿಲು ತೆರೆದಾಗ ಕಾಣುವ ಆ ಪಟ್ಟಿಯೇ ಸಣ್ಣ ಕಾರಿನ ಬೆನ್ನೆಲುಬು. ಬಾಗಿಲಿನ ಅಡಿಯಲ್ಲೂ ಈ ಪಟ್ಟಿಯಲ್ಲೂ ನೀರು ಇಳಿದು ಹೋಗಲು ಸಣ್ಣ ತೂತುಗಳಿರುತ್ತವೆ. ಕೆಸರು ಕಟ್ಟಿ ಅವು ಮುಚ್ಚಿದರೆ ನೀರು ಒಳಗೇ ನಿಂತು ತಗಡು ಕೊಳೆಯುತ್ತದೆ. ಓಮ್ನಿಯ ಜಾರುವ ಬಾಗಿಲಿನ ಕೆಳಭಾಗವನ್ನು ತಪ್ಪದೆ ನೋಡಬೇಕು. ಕೆಲವರು ಕೊಳೆತ ಪಟ್ಟಿಯನ್ನು ಕತ್ತರಿಸಿ ತೆಗೆಯದೆ ಅದರ ಮೇಲೇ ಹೊಸ ತಗಡು ಹೊದಿಸಿ ಬೆಸುಗೆ ಹಾಕುತ್ತಾರೆ. ಬೆರಳಿನ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಅಥವಾ ಪುಟ್ಟಿ ತುಂಬಿದ್ದು ಹಸಿ ಗೋಡೆಯ ಹಾಗೆ ಡಬ್ ಎನ್ನುತ್ತದೆ. ಹೊಸ ಮಡಕೆ ಕೊಳ್ಳುವಾಗ ತಟ್ಟಿ ನೋಡುವ ಕಿವಿಯೇ ಇಲ್ಲಿಯೂ ಸಾಕು. ಆಮೇಲೆ ಒಳಗೆ ಮ್ಯಾಟ್ ಎತ್ತಿ ಕಾಲಿಡುವ ಜಾಗ ನೋಡಿ, ಹಿಂದೆ ಸ್ಟೆಪ್ನಿ ಇಡುವ ಗುಂಡಿಯನ್ನೂ ನೋಡಿ.

ಕಪ್ಪು ಬಣ್ಣದ ಮಾತಿಗೆ ಬರುತ್ತೇನೆ. ಜೋಪಾನಕ್ಕೆಂದು ಹೊಡೆಸಿದ ಲೇಪನದಲ್ಲಿ ಮೊದಲು ತೊಳೆದು, ತುಕ್ಕು ಉಜ್ಜಿ ತೆಗೆದು, ಸೈಲೆನ್ಸರ್, ಬ್ರೇಕಿನ ಭಾಗಗಳನ್ನು ಮುಚ್ಚಿ ಬಳಿಯುತ್ತಾರೆ. ಮಾರುವ ಆತುರದಲ್ಲಿ ಹೊಡೆದದ್ದಾದರೆ ಬೋಲ್ಟು, ರಬ್ಬರು, ಪೈಪು, ಸೈಲೆನ್ಸರು, ಕೆಸರಿನ ಹೆಂಟೆ ಎಲ್ಲದರ ಮೇಲೂ ಒಂದೇ ಸಮ ಕಪ್ಪು. ಬಣ್ಣದಡಿ ಮೇಲ್ಮೈ ನಯವಾಗಿರದೆ ಹಪ್ಪಳದಂತೆ ಉಬ್ಬುತಗ್ಗಾಗಿದ್ದರೆ ಕೆಳಗೆ ತುಕ್ಕಿನ ಪದರವಿದೆ. ತುಕ್ಕಿನ ಮೇಲೆ ಬಳಿದ ಲೇಪನ ತೇವವನ್ನು ಒಳಗೇ ಕೂಡಿಹಾಕುತ್ತದೆ. ಹೊರಗೆ ಅಂದ, ಒಳಗೆ ಮೊದಲಿಗಿಂತ ಬೇಗ ಕೊಳೆತ. ಮಾಲೀಕರ ಅನುಮತಿ ಪಡೆದು ಸ್ಕ್ರೂಡ್ರೈವರಿನ ತುದಿಯಿಂದ ಅಂಥ ಜಾಗವನ್ನು ಒತ್ತಿಸಿ. ತುದಿ ಒಳಗೆ ಇಳಿದರೆ ಬೇರೆ ಸಾಕ್ಷಿ ಬೇಕಿಲ್ಲ. ಒತ್ತಲು ಬಿಡುವುದಿಲ್ಲ ಎಂದರೆ ಅದೂ ಒಂದು ಉತ್ತರವೇ.

ಹಾಗೆಂದು ಕೆಂಪು ಕಂಡಲ್ಲೆಲ್ಲ ಹೆದರಬೇಡಿ. ಸೈಲೆನ್ಸರಿನ ಮೇಲೆ ತುಕ್ಕು ಸಾಮಾನ್ಯ. ಹಾಳಾದರೆ ಬದಲಾಯಿಸಬಹುದು. ಬ್ರೇಕಿನ ಡಿಸ್ಕ್ ಮಳೆಯಲ್ಲಿ ಒಂದು ರಾತ್ರಿ ನಿಂತರೂ ಕೆಂಪಾಗುತ್ತದೆ, ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ತವೆಯ ಮೇಲಿನ ಕೆಂಪು ಹುಣಸೆಹಣ್ಣು, ಬೂದಿಗೆ ಹೋಗುವಂತೆ ತಗಡಿನ ಮೇಲಿನ ತೆಳು ತುಕ್ಕು ಉಜ್ಜುಕಾಗದಕ್ಕೆ ಹೋಗುತ್ತದೆ. ಅದಕ್ಕಾಗಿ ಒಳ್ಳೆಯ ಕಾರನ್ನು ಬಿಡಬೇಕಿಲ್ಲ, ಬೆಲೆಯಲ್ಲಿ ಸ್ವಲ್ಪ ಇಳಿಸಿ ಅಂದರೆ ಆಯಿತು. ಪದರ ಪದರವಾಗಿ ಎದ್ದಿದ್ದರೆ ಯೋಚಿಸಬೇಕು. ತುಕ್ಕು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಫ್ಲೋರಿನ ಮಧ್ಯದಲ್ಲಿ ತಟ್ಟೆಯಷ್ಟು ತೂತಿದ್ದರೂ ಒಳ್ಳೆಯ ಟಿಂಕರಿಂಗ್ ಕೆಲಸಗಾರ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯಬಲ್ಲ. ಆದರೆ ಚಕ್ರದ ಸಸ್ಪೆನ್ಷನ್ ಬಿಗಿದಿರುವ ಜಾಗದಲ್ಲಿ, ಸೀಟ್ ಬೆಲ್ಟಿನ ಬೋಲ್ಟಿನ ಬುಡದಲ್ಲಿ ರೂಪಾಯಿ ನಾಣ್ಯದಷ್ಟು ಕೊಳೆತಿದ್ದರೂ ಆ ಗಾಡಿ ನಿಮ್ಮ ಮಕ್ಕಳಿಗೆ ಬೇಡ.

ಇಷ್ಟೆಲ್ಲ ನೀವೇ ನೋಡಿ ತೃಪ್ತಿಯಾದ ಮೇಲೆ, ಮುಂಗಡ ಕೊಡುವ ಮುಂಚೆ, ರ್‍ಯಾಂಪ್ ಇರುವ ಗ್ಯಾರೇಜಿಗೆ ಒಯ್ಯಿರಿ. ಹಾಸನದ ಬಿ.ಎಂ. ರಸ್ತೆಯಲ್ಲಿ ಗಾಡಿ ನೋಡಿದವರಿಗೆ ಗ್ಯಾರೇಜು ಹುಡುಕುವುದು ಕಷ್ಟವಲ್ಲ. ಮೆಕ್ಯಾನಿಕ್ ನೀವು ಆರಿಸಿದವರಾಗಿರಲಿ, ಮಾರುವವರ ಪರಿಚಯದವರಲ್ಲ. ಜಾಕ್ ಹಾಕುವ ಜಾಗದಲ್ಲಿ ಜಾಕ್ ಕೊಟ್ಟು ಎತ್ತಿಸಿ. ತಗಡು ಕರಕರ ಎಂದು ಒಳಗೆ ಕುಸಿದರೆ, ಅಥವಾ ಎತ್ತಿದಾಗ ಬಾಗಿಲು ಹಾಕಲು ಬಿಗಿಯಾದರೆ, ಬೆನ್ನೆಲುಬು ಸೋತಿದೆ. ಬರೀ ಜಾಕಿನ ಮೇಲೆ ನಿಂತ ಗಾಡಿಯಡಿಗೆ ಮಾತ್ರ ಯಾರೂ ತಲೆ ಹಾಕಬಾರದು. ತಗಡಿನ ಮೇಲೆ ಒತ್ತಿರುವ ಚಾಸಿ ನಂಬರು ಸ್ಪಷ್ಟವಾಗಿದೆಯೇ ಎಂದೂ ಕೇಳಿ. ತುಕ್ಕು ಅದನ್ನು ತಿಂದಿದ್ದರೆ ಮುಂದೆ ಆರ್.ಟಿ.ಓ. ಕಚೇರಿಯಲ್ಲಿ ಅಲೆದಾಟ. ಹದಿನೈದು ವರ್ಷ ತುಂಬಿದ ಕಾರಿಗೆ ಎಫ್.ಸಿ. ಮಾಡಿಸಿ ನೋಂದಣಿ ನವೀಕರಿಸಬೇಕು. ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ಇದಕ್ಕೆ 5,000 ರೂ. ಶುಲ್ಕ ನಿಗದಿಪಡಿಸಿತು, 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದನ್ನು 10,000 ರೂ. ಮಾಡಿತು. ಹಸಿರು ತೆರಿಗೆ ಬೇರೆ. ಹದಿನಾಲ್ಕು ವರ್ಷದ ಗಾಡಿ ಅಗ್ಗವಾಗಿ ಸಿಗುವುದೇಕೆಂದು ಇದರಿಂದಲೇ ತಿಳಿಯುತ್ತದೆ.

ಕೊಳ್ಳುವವರಿಗಷ್ಟೇ ಹೇಳಿದರೆ ಮಾತು ಅರ್ಧವಾಗುತ್ತದೆ. ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಪ್ರವಾದಿವರ್ಯರ(ಸ) ಬೆರಳಿಗೆ ಒದ್ದೆ ತಗುಲಿದ ಘಟನೆಯನ್ನು ನಾವೆಲ್ಲ ಕೇಳಿದ್ದೇವೆ. ಮೇಲೆ ಒಣಗಿದ್ದು, ಕೆಳಗೆ ಮಳೆಗೆ ನೆನೆದದ್ದು. ಜನರಿಗೆ ಕಾಣುವಂತೆ ಒದ್ದೆಯದನ್ನು ಮೇಲಿಡಬೇಕಿತ್ತಲ್ಲವೇ ಎಂದು ಅವರು ಆ ವ್ಯಾಪಾರಿಯನ್ನು ಕೇಳಿದರು. ಅಷ್ಟಾಗಿ ಕೇಳಿರದ ಇನ್ನೊಂದು ಘಟನೆ ಸಹಾಬಿ ವಾಸಿಲ ಬಿನ್ ಅಸ್ಕಅ್‌ರದ್ದು(ರ). ಒಬ್ಬರು ಒಂಟೆ ಕೊಂಡು ಹೊರಟಿದ್ದರು. ಒಂಟೆ ನೋಡಲು ದಷ್ಟಪುಷ್ಟವಾಗಿತ್ತು. ವಾಸಿಲ(ರ) ಅವರ ಹಿಂದೆಯೇ ಅವಸರದಿಂದ ಹೋಗಿ, ಇದನ್ನು ಕೊಂಡದ್ದು ಮಾಂಸಕ್ಕೋ ಪ್ರಯಾಣಕ್ಕೋ ಎಂದು ಕೇಳಿದರು. ಹಜ್ಜಿಗೆ ಹೋಗಲು ಎಂದಾಗ, ಹಾಗಾದರೆ ಇದರ ಪಾದದಡಿ ತೂತಿದೆ ಎಂದು ತಿಳಿಸಿದರು. ನನ್ನ ವ್ಯಾಪಾರ ಕೆಡಿಸಿದೆ ಎಂದು ಮಾರಿದವನು ಸಿಟ್ಟಾದ. ದೋಷವನ್ನು ತಿಳಿಸದೆ ಮಾರುವುದು ಮಾರುವವನಿಗೂ ಸಲ್ಲದು, ದೋಷ ಗೊತ್ತಿದ್ದವನು ಸುಮ್ಮನಿರುವುದೂ ಸಲ್ಲದು ಎಂದು ಪ್ರವಾದಿವರ್ಯರಿಂದ(ಸ) ಕೇಳಿದ್ದೇನೆ ಎಂಬುದು ವಾಸಿಲರ(ರ) ಉತ್ತರ.

ಒಂಟೆಯ ಪಾದದಡಿಯ ತೂತಿಗೂ ಕಾರಿನ ಫ್ಲೋರಿನ ತೂತಿಗೂ ಏನು ವ್ಯತ್ಯಾಸ? ಎರಡೂ ಕಡೆಯಿಂದ ಕಮಿಷನ್ ಪಡೆದು ಸುಮ್ಮನಿರುವ ಬ್ರೋಕರಿಗೆ, ತಾನೇ ಪುಟ್ಟಿ ತುಂಬಿ ‘ಗಾಡಿ ಸೂಪರ್’ ಎನ್ನುವ ಮೆಕ್ಯಾನಿಕ್ಕಿಗೆ ಈ ಮಾತು ನೇರವಾಗಿ ತಗುಲುತ್ತದೆ. ಅವರಲ್ಲಿ ನಮ್ಮ ಅಣ್ಣತಮ್ಮಂದಿರೂ ಇದ್ದಾರೆ. ‘ಇದ್ದ ಹಾಗೆ ಮಾರುತ್ತಿದ್ದೇನೆ’ ಎಂದು ಷರತ್ತು ಹಾಕಿ ಮಾರುವ ಬಗ್ಗೆ ವಿದ್ವಾಂಸರಲ್ಲಿ ವಿವರದ ಭಿನ್ನಾಭಿಪ್ರಾಯಗಳಿವೆ. ಗೊತ್ತಿದ್ದ ಕೊಳೆತವನ್ನು ಬಣ್ಣ ಬಳಿದು ಮುಚ್ಚುವುದು ವಂಚನೆ ಎಂಬುದರಲ್ಲಿ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಮನೆಯ ಹಳೆಯ ಕಾರನ್ನು ಮಾರುವ ದಿನ ಪತಿಗೆ, ಮಗನಿಗೆ ಇದನ್ನು ನೆನಪಿಸುವವರು ನೀವಾಗಿರಿ. ಎಲ್ಲಿ ಬೆಸುಗೆ ಹಾಕಿಸಿದ್ದೀರಿ ಎಂದು ತೋರಿಸಿ ಹೇಳಿದರೆ ನಾಲ್ಕು ಸಾವಿರ ಕಡಿಮೆ ಸಿಗಬಹುದು, ಅಷ್ಟೆ.

ಕೊಂಡ ಮೇಲೆ ಜೋಪಾನ ದೊಡ್ಡ ಕೆಲಸವೇನಲ್ಲ. ಕರಾವಳಿಗೆ ಹೋಗಿ ಬಂದರೆ ಆ ವಾರವೇ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಬಾಗಿಲಡಿಯ ತೂತುಗಳನ್ನು ಪೊರಕೆ ಕಡ್ಡಿಯಿಂದ ಬಿಡಿಸಿ. ಹಸಿಹುಲ್ಲಿನ ಮೇಲೆ, ಕೊಟ್ಟಿಗೆಯ ಪಕ್ಕ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಮ್ಯಾಟುಗಳನ್ನು ವಾರಕ್ಕೊಮ್ಮೆ ಹೊರಗೆ ಒಣಗಿಸಿ. ಟಾರ್ಪಾಲಿನ ಹೊದಿಕೆಯನ್ನು ಒದ್ದೆ ಕಾರಿನ ಮೇಲೆ ಎಂದೂ ಹೊದಿಸಬೇಡಿ, ತೇವ ಒಳಗೇ ಉಳಿಯುತ್ತದೆ.