ಗಲ್ಲಾದ ಮೇಲಿನ ಕಡ್ಡಿ ಸಾಲದು

ಮುಂಬಯಿಯ ಯಾವ ಉಡುಪಿ ಹೋಟೆಲಿಗೆ ಹೋದರೂ ಗಲ್ಲಾದ ಮೇಲೆ ಎರಡು ವಸ್ತು ಇದ್ದೇ ಇರುತ್ತವೆ. ಒಂದು ಬಡೇಸೋಪಿನ ಬಟ್ಟಲು, ಇನ್ನೊಂದು ಹಲ್ಲುಕಡ್ಡಿಯ ಡಬ್ಬಿ. ಇಪ್ಪತ್ತಾರು ವರ್ಷಗಳಿಂದ ಈ ಊರಿನಲ್ಲಿ ಹೋಟೆಲುಗಳ ಲೆಕ್ಕಪತ್ರ ನೋಡಿಕೊಂಡು ಬದುಕುತ್ತಿರುವ ನಾನು ಇವೆರಡನ್ನೂ ಧಾರಾಳವಾಗಿ ಬಳಸಿದ್ದೇನೆ. ಬಿಲ್ಲು ಕೊಡುವಾಗ ಒಂದು ಚಮಚ ಸೋಪು ಬಾಯಿಗೆ, ಎರಡು ಕಡ್ಡಿ ಅಂಗಿಯ ಜೇಬಿಗೆ. ಕಡ್ಡಿ ಸಿಗದ ದಿನ ಆಫೀಸಿನಲ್ಲಿ ವೋಚರುಗಳಿಗೆ ಚುಚ್ಚುವ ಗುಂಡುಸೂಜಿಯೇ ಗತಿ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಡೊಂಬಿವಲಿ ಲೋಕಲ್‌ನಲ್ಲಿ ಸೇಫ್ಟಿ ಪಿನ್, ಬೆಂಕಿಕಡ್ಡಿ, ವಿಸಿಟಿಂಗ್ ಕಾರ್ಡಿನ ಮೂಲೆ ಎಲ್ಲವನ್ನೂ ಇದೇ ಕೆಲಸಕ್ಕೆ ಬಳಸುವವರನ್ನು ದಿನವೂ ನೋಡುತ್ತೇನೆ. ನಾನೊಬ್ಬನೇ ಅಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಕಳೆದ ವರ್ಷ ಮಳೆಗಾಲದಲ್ಲಿ ನನ್ನ ಮೇಲಿನ ಬಲಗಡೆಯ ದವಡೆ ಹಲ್ಲೊಂದು ಅಲ್ಲಾಡಲು ಶುರುವಾಯಿತು. ನೋವಿರಲಿಲ್ಲ, ಹುಳುಕೂ ಇರಲಿಲ್ಲ. ಮನೆಯ ಹತ್ತಿರದ ದಂತ ವೈದ್ಯೆಯ ಬಳಿಗೆ ಹೋದೆ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದಾದ ಮರಾಠಿ ಹುಡುಗಿ. ಸಣ್ಣ ಗೆರೆಗಳಿದ್ದ ತೆಳುವಾದ ಸಲಾಕೆಯೊಂದನ್ನು ಪ್ರತಿ ಹಲ್ಲಿನ ಸುತ್ತ ವಸಡಿನೊಳಗೆ ಇಳಿಸುತ್ತಾ, ಸಹಾಯಕಿಗೆ ಅಂಕಿಗಳನ್ನು ಹೇಳುತ್ತಾ ಹೋದರು. ಮೂರು, ಎರಡು, ಮೂರು. ಮೂರು, ನಾಲ್ಕು, ಐದು. ನಾನು ನನ್ನ ಆರ್ಟಿಕಲ್ ಹುಡುಗರಿಗೆ ಲೆಡ್ಜರ್ ಓದಿ ಹೇಳುವ ಧಾಟಿಯೇ. ಬಲಗಡೆಯ ಮೇಲ್ದವಡೆಗೆ ಬಂದಾಗ ಆರು, ಏಳು, ಎಂಟು. ಸಂಖ್ಯೆ ಏರಿದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಬಾಯಿ ತೆರೆದುಕೊಂಡಿದ್ದವನಿಗೆ ಕೇಳಲಾಗಲಿಲ್ಲ.

ಅದು ಮಿಲಿಮೀಟರ್ ಲೆಕ್ಕವಂತೆ. ವಸಡಿಗೂ ಹಲ್ಲಿಗೂ ನಡುವಿನ ಆಳ ಮೂರರವರೆಗೆ ಇದ್ದರೆ ಸರಿ. ಅದಕ್ಕಿಂತ ಹೆಚ್ಚಾದರೆ ವಸಡು ಹಲ್ಲನ್ನು ಬಿಟ್ಟುಕೊಟ್ಟಿದೆ ಎಂದರ್ಥ. ಎಕ್ಸ್‌ರೇಯಲ್ಲಿ ಹಲ್ಲಿನ ಬೇರನ್ನು ಹಿಡಿದಿರಬೇಕಾದ ಮೂಳೆ ಅರ್ಧಕ್ಕಿಂತ ಕೆಳಗೆ ಸವೆದಿತ್ತು. ಮೇಲಿನ ಹಲ್ಲಾದ್ದರಿಂದ ಮೇಲಕ್ಕೆ ಎನ್ನಬೇಕೇನೋ.

“ಕಾಕಾ, ದಿನಕ್ಕೆ ಎಷ್ಟು ಸಲ ಬ್ರಶ್ ಮಾಡುತ್ತೀರಿ?” ಎಂದು ಕೇಳಿದರು. ಎರಡು ಸಲ ಎಂದೆ, ಹೆಮ್ಮೆಯಿಂದಲೇ. “ಹಲ್ಲುಗಳ ನಡುವೆ ಏನು ಮಾಡುತ್ತೀರಿ?” ಎಂದರು. ನಾನು ಜೇಬಿನ ಕಡ್ಡಿ ತೋರಿಸಿದೆ. ಅವರು ನಗಲಿಲ್ಲ. ಅದು ಬಾಯಿಗೆ ಸಿಕ್ಕಿಕೊಂಡ ಮಾಂಸದ ಎಳೆಯನ್ನೋ ಮಾವಿನ ನಾರನ್ನೋ ತೆಗೆಯುತ್ತದೆ ಅಷ್ಟೇ, ರೋಗ ತರುವುದು ಕಣ್ಣಿಗೆ ಕಾಣದ ಇನ್ನೊಂದು ಎಂದರು.

ಆ ಇನ್ನೊಂದು ಎಂದರೆ ಹಲ್ಲಿನ ಮೇಲೆ ದಿನವೂ ಕೂರುವ ಅಂಟಾದ ಪದರ, ಪ್ಲಾಕ್. ಕೋಟ್ಯಂತರ ಬ್ಯಾಕ್ಟೀರಿಯಾಗಳ ಕಾಲೊನಿ ಅದು. ದವಡೆ ಹಲ್ಲಿಗೆ ಐದು ಮುಖಗಳಿವೆ: ಕೆನ್ನೆಯ ಕಡೆ, ನಾಲಗೆಯ ಕಡೆ, ಜಗಿಯುವ ಮೇಲ್ಭಾಗ, ಮತ್ತೆ ಅಕ್ಕಪಕ್ಕದ ಹಲ್ಲುಗಳಿಗೆ ತಾಗುವ ಎರಡು. ನಮ್ಮ ಬ್ರಶ್ಶು ಮೊದಲ ಮೂರನ್ನು ತೊಳೆಯುತ್ತದೆ. ಉಳಿದ ಎರಡರ ಸಂದಿಗೆ ಅದರ ಕೂದಲು ಸರಿಯಾಗಿ ಹೋಗುವುದೇ ಇಲ್ಲ. ಎಷ್ಟು ಒಳ್ಳೆಯ ಪೇಸ್ಟ್ ಹಾಕಿ, ಎಷ್ಟು ಹೊತ್ತು ಉಜ್ಜಿದರೂ ಅಷ್ಟೇ. ಅಲ್ಲಿ ಉಳಿದ ಪದರ ಕೆಲವೇ ದಿನಗಳಲ್ಲಿ ಎಂಜಲಿನ ಖನಿಜ ಹೀರಿ ಗಾರೆಯಂತೆ ಗಟ್ಟಿಯಾಗುತ್ತದೆ. ಮತ್ತೆ ಅದು ಯಾವ ಬ್ರಶ್ಶಿಗೂ ಬಗ್ಗುವುದಿಲ್ಲ. ಇಪ್ಪತ್ತಾರು ವರ್ಷ ನಾನು ಐದರಲ್ಲಿ ಮೂರು ಖಾತೆಗಳನ್ನು ಮಾತ್ರ ತಾಳೆ ನೋಡಿ ಆಡಿಟ್ ಮುಗಿಯಿತು ಎಂದು ಸಹಿ ಹಾಕುತ್ತಿದ್ದೆ.

1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಮಾಡಿದ ಪ್ರಯೋಗವೊಂದಿದೆ. ಆರೋಗ್ಯವಾದ ವಸಡಿದ್ದ ಹನ್ನೆರಡು ಮಂದಿ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಹನ್ನೆರಡೂ ಜನರ ವಸಡು ಊದಿಕೊಂಡಿತು. ಮತ್ತೆ ಸ್ವಚ್ಛಗೊಳಿಸಲು ಆರಂಭಿಸಿದಾಗ ಎಲ್ಲರದೂ ಸರಿಹೋಯಿತು. ನಮ್ಮ ಸಂದಿಗಳ ಮಟ್ಟಿಗೆ ಈ ಪ್ರಯೋಗದ ಮೊದಲರ್ಧ ಮಾತ್ರ ವರ್ಷಗಟ್ಟಲೆ ನಡೆಯುತ್ತಿರುತ್ತದೆ. ಊತದ ಹಂತದಲ್ಲಿ ಹಿಡಿದರೆ ಹಿಂದಕ್ಕೆ ಬರಬಹುದು. ಮೂಳೆ ಸವೆಯತೊಡಗಿದ ಮೇಲೆ ರೋಗವನ್ನು ನಿಲ್ಲಿಸಬಹುದು, ಹೋದ ಮೂಳೆ ತಾನಾಗಿ ಮರಳುವುದಿಲ್ಲ. ನನ್ನ ಆ ಹಲ್ಲನ್ನು ಕೀಳಬೇಕಾಯಿತು.

ಹಲ್ಲು ಕಿತ್ತ ರಾತ್ರಿ ಕಾರ್ಕಳಕ್ಕೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. “ನಮ್ಮ ವಂಶದ್ದೇ ಹಾಗೆ ಮಗಾ, ನಂದು ಐವತ್ತಕ್ಕೇ ಉದುರಿತಲ್ಲ” ಎಂದರು. ಅಮ್ಮನ ಬಾಯಲ್ಲಿ ಈಗ ಇರುವುದು ಪೂರ್ತಿ ಕಟ್ಟಿಸಿದ ಹಲ್ಲು. ಅಷ್ಟಮಿಗೆ ಚಕ್ಕುಲಿ ಮಾಡುತ್ತಾರೆ, ತಿನ್ನುವುದಿಲ್ಲ, ಚಹಾದಲ್ಲಿ ಅದ್ದುತ್ತಾರೆ. ನಾವೆಲ್ಲ ಅದನ್ನು ವಯಸ್ಸು ಎಂದುಕೊಂಡೆವು, ವಂಶ ಎಂದುಕೊಂಡೆವು. ಅವರು ಹಲ್ಲುಜ್ಜುವಾಗ ಉಗುಳು ಕೆಂಪಾಗಿರುತ್ತಿದ್ದುದು ನನಗೆ ನೆನಪಿದೆ. “ಉಷ್ಣ” ಎಂದು ಎಳನೀರು ಕುಡಿಯುತ್ತಿದ್ದರು. ರಕ್ತ ಬಂತೆಂದು ಆ ಜಾಗವನ್ನು ಮುಟ್ಟುವುದನ್ನೇ ಬಿಡುತ್ತಿದ್ದರು. ರಕ್ತ ಬರುವ ಜಾಗವನ್ನೇ ಹೆಚ್ಚು ಮೃದುವಾಗಿ, ಹೆಚ್ಚು ಜಾಗ್ರತೆಯಿಂದ ಸ್ವಚ್ಛ ಮಾಡಬೇಕು ಎಂದು ಅವರಿಗೆ ಹೇಳುವವರು ಯಾರಿದ್ದರು? ವಂಶದ ಪಾತ್ರ ಸ್ವಲ್ಪ ಇರಬಹುದು, ವೈದ್ಯರೂ ಒಪ್ಪುತ್ತಾರೆ. ಆದರೆ ವಂಶದ ಹೆಸರಿನಲ್ಲಿ ಕೈಕಟ್ಟಿ ಕೂತದ್ದು ನಾವು.

ಹಿಂದಿನವರಿಗೆ ಇದೆಲ್ಲ ಎಲ್ಲಿತ್ತು ಎನ್ನುವವರಿದ್ದಾರೆ. ಇತ್ತು. ನನ್ನ ಅಜ್ಜಿ ಉಮಿಕರಿಯಿಂದ ಹಲ್ಲುಜ್ಜಿ, ತೆಂಗಿನ ಗರಿಯ ಕಡ್ಡಿ ಸೀಳಿ ನಾಲಗೆ ಹೆರೆದು, ಅದೇ ಕಡ್ಡಿಯ ತುದಿಯಿಂದ ಸಂದಿ ತೆಗೆಯುತ್ತಿದ್ದರು. ಸಂದಿಯನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ತಿಳಿವಳಿಕೆ ಅವರಿಗಿತ್ತು, ಅದಕ್ಕೆ ತಕ್ಕ ಸಲಕರಣೆ ಇರಲಿಲ್ಲ. ಈಗ ಸಲಕರಣೆ ಇದೆ. ಬಾಟಲಿ ತೊಳೆಯುವ ಬ್ರಶ್ಶನ್ನು ಇರುವೆಯ ಗಾತ್ರಕ್ಕೆ ಇಳಿಸಿದಂತೆ ಕಾಣುವ ಇಂಟರ್‌ಡೆಂಟಲ್ ಬ್ರಶ್. ಸಂದಿ ತೀರ ಬಿಗಿಯಾಗಿದ್ದವರಿಗೆ ಫ್ಲಾಸ್ ದಾರ. ಈ ದಾರದ ಉಪಾಯ ಹೊಸದೇನಲ್ಲ. ಅಮೆರಿಕದ ದಂತ ವೈದ್ಯ ಲೆವಿ ಸ್ಪಿಯರ್ ಪಾರ್ಮ್ಲಿ 1819ರ ತಮ್ಮ ಪುಸ್ತಕದಲ್ಲೇ ಮೇಣ ಸವರಿದ ರೇಷ್ಮೆ ದಾರವನ್ನು ಹಲ್ಲುಗಳ ನಡುವೆ ಆಡಿಸಲು ಹೇಳಿದ್ದರು.

ನಾನು ಈ ವಿಷಯ ಎತ್ತಿದಾಗಲೆಲ್ಲ ನಮ್ಮ ಫ್ಯಾಮಿಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬ ಭಾವ ಹಳೆಯ ಸುದ್ದಿಯೊಂದನ್ನು ಹಾಕುತ್ತಾರೆ: ಫ್ಲಾಸಿನಿಂದ ಪ್ರಯೋಜನವಿಲ್ಲ, ಅಮೆರಿಕದವರೇ ಕೈಬಿಟ್ಟರು. 2016ರಲ್ಲಿ ಅಂಥ ವರದಿ ಬಂದದ್ದು ನಿಜ. ಅಲ್ಲಿನ ಆಹಾರ ಮಾರ್ಗಸೂಚಿಯಿಂದ ಫ್ಲಾಸಿನ ಉಲ್ಲೇಖ ಬಿಟ್ಟುಹೋಗಿತ್ತು, ಪುರಾವೆ ದುರ್ಬಲ ಎಂದು ಎಪಿ ಸುದ್ದಿಸಂಸ್ಥೆ ಬರೆಯಿತು. ದುರ್ಬಲ ಎಂದರೆ ಸುಳ್ಳು ಎಂದಲ್ಲ. 2019ರಲ್ಲಿ ಕಾಕ್ರೇನ್ ಸಂಸ್ಥೆ 35 ಪ್ರಯೋಗಗಳನ್ನು ಒಟ್ಟು ನೋಡಿ ಹೇಳಿದ್ದು ಇಷ್ಟು: ಬರೀ ಬ್ರಶ್ಶಿಗಿಂತ ಅದರೊಂದಿಗೆ ಫ್ಲಾಸ್ ಅಥವಾ ಇಂಟರ್‌ಡೆಂಟಲ್ ಬ್ರಶ್ ಬಳಸಿದರೆ ವಸಡಿನ ಊತ ಕಡಿಮೆಯಾಗಬಹುದು, ದಾರಕ್ಕಿಂತ ಸಣ್ಣ ಬ್ರಶ್ಶೇ ಒಂದು ಕೈ ಮೇಲಿರಬಹುದು, ಆದರೆ ಪುರಾವೆ ಇನ್ನೂ ಗಟ್ಟಿಯಾಗಬೇಕು. ನಾನು ಲೆಕ್ಕದವನು. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಸಂಭವನೀಯತೆ ಸಿಕ್ಕರೆ ಸಾಕು. ಪ್ಯಾಕೆಟ್ಟಿಗೆ ಕಂಪನಿ ನೋಡಿ ನೂರೋ ಕೆಲವು ನೂರೋ ರೂಪಾಯಿ. ಹೋದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಕೂರಿಸಲು ನನಗೆ ಹೇಳಿದ್ದು ಹತ್ತಾರು ಸಾವಿರ.

ಬಳಸುವುದು ಕಷ್ಟವಲ್ಲ, ಆದರೆ ಗಾತ್ರ ಮುಖ್ಯ. ಮೊದಲ ಸಲ ದಂತ ವೈದ್ಯರಿಂದಲೇ ಅಳತೆ ಕೇಳಿಕೊಳ್ಳಿ. ನನಗೆ ಮುಂದಿನ ಹಲ್ಲುಗಳಿಗೊಂದು, ದವಡೆಗೊಂದು ಗಾತ್ರ. ಸಂದಿಗೆ ಸ್ವಲ್ಪ ಬಿಗಿಯಾಗಿ, ಒತ್ತಾಯವಿಲ್ಲದೆ ಹೋಗಬೇಕು. ತೂರಿಸಿದರೆ ವಸಡು ಗಾಯವಾಗುತ್ತದೆ. ಪೇಸ್ಟ್ ಬೇಡ. ನಾಲ್ಕೈದು ಸಲ ಹಿಂದೆ ಮುಂದೆ ಆಡಿಸಿ ತೊಳೆದರೆ ಆಯಿತು, ದಿನಕ್ಕೊಮ್ಮೆ, ರಾತ್ರಿಯಾದರೆ ಒಳ್ಳೆಯದು. ಹತ್ತೂವರೆಗೆ ಊಟ ಮಾಡಿ ಬ್ರಶ್ಶಿಗೂ ಸೋಮಾರಿತನ ಮಾಡಿ ಮಲಗುವ ಮುಂಬಯಿಯವರಿಗೆ ಇದು ಹೇಳಿದಷ್ಟು ಸುಲಭವಲ್ಲ ಎಂದು ಗೊತ್ತಿದೆ. ನಾನು ಟಿವಿಯ ಎದುರು ಕೂತು ಮಾಡುತ್ತೇನೆ, ಹೆಂಡತಿ ಬೈಯುತ್ತಾಳೆ. ಮೊದಲ ವಾರ ರಕ್ತ ಬಂತು, ಎರಡನೆಯ ವಾರ ಕಡಿಮೆಯಾಯಿತು, ಆಮೇಲೆ ನಿಂತಿತು. ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಬೀಡಿ, ಸಿಗರೇಟು ಸೇದುವವರು ರಕ್ತ ಬರುವುದಿಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ; ಅವರಲ್ಲಿ ರೋಗವಿದ್ದರೂ ರಕ್ತ ಕಡಿಮೆ ಕಾಣುತ್ತದೆ.

ಗಟ್ಟಿಯಾದ ಗಾರೆಯನ್ನು ಮಾತ್ರ ದವಾಖಾನೆಯಲ್ಲೇ ತೆಗೆಸಬೇಕು. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ಮಾತನ್ನು ನಾನೂ ನಂಬಿದ್ದೆ. ಸಡಿಲವಾಗಿದ್ದ ಹಲ್ಲುಗಳನ್ನು ಆ ಗಾರೆಯೇ ಅಂಟಿಸಿಟ್ಟಿರುತ್ತದೆ, ತೆಗೆದಾಗ ನಿಜಸ್ಥಿತಿ ಗೊತ್ತಾಗುತ್ತದೆ, ಅಷ್ಟೇ. ಹಳೆಯ ಲೆಕ್ಕ ಕೆದಕಿದಾಗ ನಷ್ಟ ಕಂಡರೆ ಅದಕ್ಕೆ ಆಡಿಟರ್ ಕಾರಣವೇ?

ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಎಂಟು ವರ್ಷಗಳಿಂದ ನನಗೆ ಸಕ್ಕರೆ ಕಾಯಿಲೆ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣು, ಕಾಲು, ಕಿಡ್ನಿ. ಬಾಯಿ ತೆರೆಯಿರಿ ಎಂದು ಯಾರೂ ಹೇಳಲಿಲ್ಲ. ಸಕ್ಕರೆ ಹತೋಟಿ ತಪ್ಪಿದರೆ ವಸಡು ರೋಗ ಹೆಚ್ಚುತ್ತದೆ, ವಸಡಿನ ಉರಿಯೂತ ಸಕ್ಕರೆಯನ್ನು ಹತೋಟಿಗೆ ಬಾರದಂತೆ ಮಾಡುತ್ತದೆ. ಎರಡೂ ಒಂದನ್ನೊಂದು ಪೋಷಿಸುತ್ತವೆ. ಇದು ವೈದ್ಯಶಾಸ್ತ್ರಕ್ಕೆ ಗೊತ್ತಿಲ್ಲದ ಗುಟ್ಟಲ್ಲ. ಆದರೂ ನನಗೆ ಮೊದಲು ಹೇಳಿದ್ದು ಹಲ್ಲು ಕಿತ್ತ ಆ ಹುಡುಗಿ. ವಸಡಿನ ಚಿಕಿತ್ಸೆಯ ನಂತರ ನನ್ನ ಮೂರು ತಿಂಗಳ ಸರಾಸರಿ ಸ್ವಲ್ಪ ಇಳಿದಿದೆ. ಪೂರ್ತಿ ಜಮೆಯನ್ನು ಬ್ರಶ್ಶಿನ ಖಾತೆಗೆ ಹಾಕಲಾರೆ, ವಾಕಿಂಗ್ ಕೂಡ ಶುರು ಮಾಡಿದ್ದೆ.

ಕಂಪನಿಗಳ ವಾರ್ಷಿಕ ಆರೋಗ್ಯ ತಪಾಸಣೆಯ ಪಟ್ಟಿಗಳನ್ನು ಬಿಲ್ಲಿನ ಜೊತೆ ನಾನು ಎಷ್ಟೋ ನೋಡಿದ್ದೇನೆ. ಇಸಿಜಿ ಇರುತ್ತದೆ, ವಿಟಮಿನ್ ಡಿ ಇರುತ್ತದೆ, ವಸಡು ಕಂಡದ್ದು ಬಹಳ ಅಪರೂಪ. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಅಪಘಾತದ ಹೊರತು ಹಲ್ಲಿನ ಚಿಕಿತ್ಸೆಗೆ ಕಾಸು ಸಿಗುವುದಿಲ್ಲ, ಬಾಯಿ ದೇಹದ ಭಾಗವೇ ಅಲ್ಲವೆಂಬಂತೆ. ತೀವ್ರ ವಸಡು ರೋಗ ಇರುವವರು ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಒಂದು ಒಳ್ಳೆಯ ಸುದ್ದಿಯೂ ಇದೆ: 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್, ಟೂತ್‌ಬ್ರಶ್‌ಗಳ ಜೊತೆ ಡೆಂಟಲ್ ಫ್ಲಾಸಿನ ಜಿಎಸ್‌ಟಿಯೂ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಇಲಾಖೆಗೆ ಹೊಳೆದದ್ದು ತಪಾಸಣೆಯ ಪಟ್ಟಿ ಮಾಡುವವರಿಗೆ ಯಾಕೆ ಹೊಳೆಯಬಾರದು? ಸಲಾಕೆ ಇಳಿಸಿ ಅಂಕಿ ಬರೆದುಕೊಳ್ಳಲು ಕಾಲು ಗಂಟೆ ಸಾಕು, ಯಂತ್ರ ಬೇಡ.

ಹೋಟೆಲ್ ಸಂಘಗಳವರಿಗೂ ಇದನ್ನೇ ಹೇಳುತ್ತಿದ್ದೇನೆ. ನನ್ನ ಗಿರಾಕಿಯೊಬ್ಬರ ಅಡುಗೆಮನೆಯಲ್ಲಿ ಬೈಂದೂರು ಕಡೆಯ ಒಬ್ಬ ಅಡುಗೆಯವರಿದ್ದಾರೆ. ಇನ್ನೂ ನಲವತ್ತು ದಾಟಿಲ್ಲ. ನಗುವಾಗ ಕೈ ಬಾಯಿಗೆ ಅಡ್ಡ ಬರುತ್ತದೆ. ದಿನವಿಡೀ ಬೇರೆಯವರ ಬಾಯಿಗೆ ರುಚಿ ಒದಗಿಸುವ ಅವರಿಗೆ ಗಟ್ಟಿ ಏನನ್ನೂ ಜಗಿಯಲಾಗುವುದಿಲ್ಲ, ಅನ್ನವನ್ನು ಸಾರಿನಲ್ಲಿ ಕಲಸಿ ನುಂಗುತ್ತಾರೆ. ಗಿರಾಕಿಗಳಿಗೆಂದು ಗಲ್ಲಾದ ಮೇಲೆ ಕಡ್ಡಿಯ ಡಬ್ಬಿ ಇಡುವವರು ಒಳಗಿನ ಮೂವತ್ತು ಜನರಿಗೆ ವರ್ಷಕ್ಕೊಮ್ಮೆ ದಂತ ತಪಾಸಣೆ, ತಿಂಗಳಿಗೊಂದು ಪ್ಯಾಕೆಟ್ ಬ್ರಶ್ ಕೊಡಿಸಬಾರದೇ ಎಂದು ಆ ಮಾಲಕರಿಗೆ ಹೇಳಿದೆ.

“ಸರಿ ಮಾರಾಯ್ರೆ, ಯಾವ ಲೆಕ್ಕಕ್ಕೆ ಹಾಕ್ತೀರಿ ಅದನ್ನು?” ಎಂದು ಕೇಳಿದರು.

ಸಿಬ್ಬಂದಿ ಕಲ್ಯಾಣ ಎಂದೆ. ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ ಎಂಬುದನ್ನೂ ಹೇಳಿದೆ, ಆಮೇಲೆ ಬೈಸಿಕೊಳ್ಳುವುದು ಬೇಡವೆಂದು. ಅವರು ಡಬ್ಬಿಯಿಂದ ಒಂದು ಕಡ್ಡಿ ತೆಗೆದುಕೊಂಡು, ನನ್ನ ಮುಖ ನೋಡಿ ಮತ್ತೆ ಒಳಗೆ ಹಾಕಿದರು. ತಿಂಗಳ ಮೊದಲ ವಾರ ಅವರ ಬಿಲ್ಲುಗಳ ಕಟ್ಟು ನನ್ನ ಮೇಜಿಗೆ ಬರುತ್ತದೆ. ಈ ಸಲ ಅದನ್ನು ಆರ್ಟಿಕಲ್ ಹುಡುಗರಿಗೆ ಕೊಡದೆ ನಾನೇ ಬಿಚ್ಚುತ್ತೇನೆ.