ಮಣ್ಣಿಗೆ ನಾಚುವ ಮನೆಗಳು

ಧಾರವಾಡ ಸೀಮೆಯ ಬಂಧುಗಳೆ,

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ಹಳ್ಳಿಗಳಲ್ಲಿ ಈಚೆಗೆ ಎದ್ದುನಿಂತಿರುವ ಹೊಸ ಮನೆಗಳನ್ನು ನೀವೂ ಬಲ್ಲಿರಿ. ಅವುಗಳಲ್ಲಿ ವಾಸವಾಗಿರುವವರೂ ನಿಮ್ಮಲ್ಲಿ ಅನೇಕರು. ಓಣಿಯ ಕಾಂಕ್ರೀಟು ಎಲ್ಲಿ ಮುಗಿಯಿತು, ಅಂಗಳದ ಪೇವರ್ಸು ಎಲ್ಲಿ ಮೊದಲಾಯಿತು ಎಂಬುದು ತಿಳಿಯದಂತೆ ಹೊಸ್ತಿಲವರೆಗೂ ಹಾಸಿ, ಹಿತ್ತಲಿಗೆ ಫರಸಿ ಜಡಿದು, ಎಲೆ ಉದುರಿಸುತ್ತದೆಂಬ ಏಕೈಕ ಅಪರಾಧಕ್ಕಾಗಿ ಬೇವಿನ ಮರವನ್ನು ಬುಡಸಹಿತ ಕಡಿಸಿ, ಬಾಗಿಲಿನ ಇಕ್ಕೆಲಗಳಲ್ಲಿ ಪ್ಲಾಸ್ಟಿಕ್ ಹೂವಿನ ಎರಡು ಕುಂಡಗಳನ್ನಿರಿಸಿ, ‘ಈಗ ಮನಿ ಚೊಕ್ಕ ಆತು ನೋಡ್ರಿ’ ಎಂದು ಸಂತೃಪ್ತಿಯಿಂದ ನಗುವ ಗೃಹಸ್ಥರನ್ನು ಈ ಬೇಸಿಗೆಯಲ್ಲಿ ನಾನು ಊರೂರಿನಲ್ಲಿಯೂ ಕಂಡೆನು. ಕಂಡು ಬಂದ ಕೋಪವನ್ನು ನುಂಗಿಕೊಂಡು ಸುಮ್ಮನಿರುವುದು ಸೌಜನ್ಯವೆನಿಸಬಹುದು. ಅಂತಹ ಸೌಜನ್ಯದಿಂದಲೇ ನಾವು ಈ ಅವಸ್ಥೆಗೆ ಬಂದೆವಾದ್ದರಿಂದ ಇನ್ನು ಮೌನವಾಗಿರಲಾರೆ.

ನಮ್ಮ ಹಿರಿಯರು ಉದ್ಯಾನಶಾಸ್ತ್ರವನ್ನು ಅಭ್ಯಸಿಸಿದವರಲ್ಲ. ಆದರೂ ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಮುಸುರೆ ತೊಳೆಯುವ ಕಲ್ಲಿನ ಮಗ್ಗುಲಿಗೆ ಕರಿಬೇವು, ಬೇಲಿಯ ಮೇಲೆ ಹೀರೆ ಅವರೆಗಳ ಬಳ್ಳಿ, ಮೂಲೆಯಲ್ಲಿ ನುಗ್ಗೆ, ದೇವರಿಗೆ ದಾಸವಾಳ, ಹೆರಳಿಗೆ ಅಬ್ಬಲಿಗೆ, ಗೋಡೆಯಿಂದ ದೂರದಲ್ಲಿ ದನಕ್ಕೂ ಮನುಷ್ಯರಿಗೂ ನೆರಳಾಗುವಂತೆ ಬೇವು, ಹೀಗೆ ಒಂದೊಂದಕ್ಕೂ ಅದರದರ ನೆಲೆಯನ್ನು ಗೊತ್ತುಮಾಡಿದ್ದ ಅವರ ವಿವೇಕವನ್ನು ಇಂದು ಪಟ್ಟಣದಲ್ಲಿ ಶುಲ್ಕ ತೆಗೆದುಕೊಂಡು ತೋಟದ ನಕ್ಷೆ ಬರೆದುಕೊಡುವವರು ಕೂಡ ಮೆಚ್ಚಿಯಾರು. ಮಾಳಿಗೆಯೂ ಹಾಗೆಯೆ. ತೊಲೆ, ಜಂತಿ, ಹಲಗೆಗಳ ಮೇಲೆ ಮಣ್ಣಿನ ಮೇಲ್ಮುದ್ದೆ. ಮುಂಗಾರಿಗೆ ಮುನ್ನ ವರ್ಷವರ್ಷವೂ ಅದಕ್ಕೆ ಹೊಸ ಮಣ್ಣಿನ ಉಪಚಾರ. ಹಗಲು ಅಲ್ಲಿ ಶಾವಿಗೆ, ಸಂಡಿಗೆ, ಕೆಂಪು ಮೆಣಸಿನಕಾಯಿ ಒಣಗಿದರೆ ಇರುಳು ಮನೆಮಂದಿಯೆಲ್ಲ ಅಲ್ಲಿಯೇ ಹಾಸಿಗೆ ಬಿಚ್ಚುತ್ತಿದ್ದರು. ಅಂತಹ ಮಣ್ಣಿನ ಮನೆಗಳು 2009ರ ಮತ್ತು 2019ರ ಮಳೆಗಳಲ್ಲಿ ಸಾಲುಸಾಲಾಗಿ ಕುಸಿದುದನ್ನು ಕಂಡವರಿಗೆ ಮೇಲ್ಮುದ್ದೆಗೆ ಹಿಂದಿರುಗಿರೆಂದು ಉಪದೇಶಿಸುವುದು ಮೂರ್ಖತನ. ತಲೆಯ ಮೇಲೆ ಕಾಂಕ್ರೀಟು ಬೇಕೆಂಬುದು ದಿಟ. ಆದರೆ ತಲೆಯ ಮೇಲಿರತಕ್ಕ ಕಾಂಕ್ರೀಟು ಕಾಲ ಕೆಳಕ್ಕೆ ಇಳಿದದ್ದೇಕೆ?

ಇದಕ್ಕೆ ನೀವು ಹತ್ತು ಕಾರಣ ಹೇಳಬಲ್ಲಿರಿ. ನನ್ನ ಮನಸ್ಸು ಕ್ಷಮಿಸಲು ಒಲ್ಲದ ಕಾರಣವು ಒಂದೇ, ಮತ್ತು ಅದನ್ನು ನೀವು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ನಮಗೆ ಮಣ್ಣೆಂದರೆ ನಾಚಿಕೆಯಾಗಿದೆ. ಎರೆಹೊಲದ ಹತ್ತಿ, ಕಡಲೆ, ಬಿಳಿಜೋಳ, ಮೆಣಸಿನಕಾಯಿಗಳನ್ನು ಮಾರಿ ಬಂದ ಹಣದಿಂದ, ಅಂದರೆ ಸಾಕ್ಷಾತ್ ಮಣ್ಣು ಕೊಟ್ಟ ಹಣದಿಂದ, ಮಣ್ಣನ್ನು ಮುಚ್ಚುವ ಇಟ್ಟಿಗೆಗಳನ್ನು ಕೊಂಡು ತರುತ್ತಿದ್ದೇವೆ. ಹುಬ್ಬಳ್ಳಿಯ ಬಡಾವಣೆಯಿಂದ ಬೀಗರು ಬಂದಾಗ ಅವರ ಕಾಲಿಗೆ ರಾಡಿ ತಗಲಬಾರದು, ‘ಇವರಿನ್ನೂ ಹಳ್ಳಿಯವರು’ ಎಂಬ ಮಾತು ಅವರ ಬಾಯಿಂದ ಬರಬಾರದು ಎಂಬ ಈ ದೈನ್ಯವು ಸ್ವಚ್ಛತೆಯ ವೇಷ ಹಾಕಿಕೊಂಡು ಬಂದು ನಮ್ಮ ಮರಗಳನ್ನು ಕಡಿಯಿತು. ಮೂವತ್ತು ನಲವತ್ತು ವರ್ಷ ಬೆಳೆದ ಬೇವಿಗೆ ಅರ್ಧ ದಿನದ ಗರಗಸ ಸಾಕಾಯಿತು! ಉದುರಿದ ಎಲೆಯು ಕಸವೆಂದು ನಮಗೆ ಕಲಿಸಿದವರಾರು? ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕುರ್ಕ್ಯಾಲದ ಶಾಸನವು ಹೇಳಿದ್ದನ್ನು ಹೆಮ್ಮೆಯಿಂದ ಎತ್ತಿ ಆಡುವ ನಾವು, ಬನವಾಸಿಯ ನಂದನಗಳಿಗಾಗಿ ಹಂಬಲಿಸಿದ ಆ ಕವಿಗೆ ಇಂದು ತೋರಿಸಲು ಒಂದು ಹಿತ್ತಲನ್ನಾದರೂ ಉಳಿಸಿಕೊಂಡಿರುವೆವೆ?

ಮಣ್ಣೆತ್ತಿನ ಅಮಾವಾಸ್ಯೆ ಪ್ರತಿ ವರ್ಷ ಬರುತ್ತದೆ. ಎರೆಮಣ್ಣಿನಲ್ಲಿ ಎತ್ತುಗಳನ್ನು ಮಾಡಿ, ಜಗಲಿಯ ಮೇಲಿಟ್ಟು, ಕೈಮುಗಿದು ಪೂಜಿಸುವ ಜನ ನಾವು. ಆಷಾಢದ ಮಂಗಳವಾರಗಳಂದು ನಮ್ಮ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುವುದೂ ಮಣ್ಣಿನಿಂದಲೆ. ಈಗ ಆ ಒಂದು ಹಿಡಿ ಮಣ್ಣಿಗಾಗಿ ಮಕ್ಕಳು ತಮ್ಮ ಮನೆಯ ಅಂಗಳವನ್ನು ದಾಟಿ ಊರ ಹೊರಗೆ ಹೋಗಬೇಕಾಗಿದೆ. ಪೂಜೆಗೆ ಮಣ್ಣು ಪವಿತ್ರ, ಹೊಸ್ತಿಲಿಗೆ ಅದೇ ಮಣ್ಣು ಹೊಲಸು! ಈ ಮಿಥ್ಯಾಚಾರವನ್ನು ಮಕ್ಕಳು ನೋಡುತ್ತಿಲ್ಲವೆಂದು ತಿಳಿಯಬೇಡಿರಿ.

ನಿಮ್ಮ ಆಕ್ಷೇಪಗಳನ್ನು ನಾನು ಕೇಳಿದ್ದೇನೆ. ಎರೆಭೂಮಿಯ ರಾಡಿ ಕಾಲಿಗೆ ಅಂಟಿದರೆ ಬಿಡದು. ಗಿಡಗಂಟಿಗಳಿದ್ದರೆ ಹುಳಹುಪ್ಪಡಿ ಸೇರುತ್ತವೆ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಬುನಾದಿ ಸಡಿಲಿ ಗೋಡೆ ಸೀಳುತ್ತದೆ. ಈ ಕೊನೆಯ ಮಾತಿನಲ್ಲಿ ಸತ್ಯವಿದೆ. ಗೋಡೆಯ ಸುತ್ತ ಮೂರಡಿ ಅಗಲ, ಹೊರಕ್ಕೆ ಇಳಿಜಾರಾಗಿ, ಗಚ್ಚು ಹಾಕುವುದು ವಿಹಿತವೆ. ದೊಡ್ಡ ಮರದ ಬೇರು ಬುನಾದಿಯ ತೇವವನ್ನು ಹೀರದಿರಲೆಂದು ಅದನ್ನು ಇಪ್ಪತ್ತಡಿಯಾಚೆ ನೆಡುವುದೂ ವಿಹಿತವೆ. ನಡೆದಾಡಲು ಕಲ್ಲುಚಪ್ಪಡಿಯ ಒಂದು ದಾರಿ ಇರಲಿ. ಆದರೆ ಮೂರಡಿಯ ಅಗತ್ಯವನ್ನು ನೆಪಮಾಡಿಕೊಂಡು ಮೂವತ್ತಡಿಯ ನೆಲವನ್ನು ಹೂಳುವುದು ಯಾವ ನ್ಯಾಯ? ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರುಂಟೆ?

ನೀರಿನ ಲೆಕ್ಕವನ್ನು ಸ್ವಲ್ಪ ನೋಡಿರಿ. ಮೂವತ್ತಕ್ಕೆ ನಲವತ್ತಡಿಯ ನಿವೇಶನವೊಂದರ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಸುಮಾರು 2,800 ಲೀಟರು. ನೆಲವೆಲ್ಲ ಮುಚ್ಚಿದ ಮನೆಯಿಂದ ಅದರ ಬಹುಪಾಲು ಗಳಿಗೆಯೊಳಗೆ ಓಣಿಗೆ, ಓಣಿಯಿಂದ ತಗ್ಗಿನಲ್ಲಿರುವ ಬಡವರ ಪಡಸಾಲೆಗೆ, ಅಲ್ಲಿಂದ ಹಳ್ಳಕ್ಕೆ ನುಗ್ಗುತ್ತದೆ. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಪ್ರವಾಹಕ್ಕೆ ನಮ್ಮ ಅಂಗಳಗಳೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ನೆರೆಯವನ ಹೊಸ್ತಿಲಲ್ಲಿ ನಿಂತ ನೀರಿಗೆ ಮಾತ್ರ ನಾವೇ ಹೊಣೆ. 1980ರಲ್ಲಿ ಮಲಪ್ರಭೆಯ ನೀರಿನ ಕರದ ಅನ್ಯಾಯಕ್ಕೆದುರಾಗಿ ರೈತರು ಪ್ರಾಣ ತೆತ್ತ ನೆಲವಿದು. ಕಳಸಾ-ಬಂಡೂರಿಯ ನೀರಿಗಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕುಳಿತ ನವಲಗುಂದವಿದು. ಪಕ್ಕದ ರಾಜ್ಯದೊಡನೆ ನೀರಿಗಾಗಿ ವಾದಿಸುವ ನಾವು ನಮ್ಮ ಛಾವಣಿಯ ಮೇಲೆ ಸುಂಕವಿಲ್ಲದೆ ಸುರಿದ ನೀರನ್ನು ಗಟಾರಕ್ಕೆ ದೂಡಿ, ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವುದನ್ನು ಏನೆಂದು ಕರೆಯಬೇಕು?

ಛಾವಣಿಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಮುಂದೆಂದೋ ಮೇಲಂತಸ್ತು ಕಟ್ಟಿಸುವ ಆಸೆಗೆ ಸಾಕ್ಷಿಯಾಗಿ ತುಕ್ಕು ಹಿಡಿಯುತ್ತಿರುವ ಕಬ್ಬಿಣದ ಸಳಿಗಳು, ಒಂದು ಕಪ್ಪು ನೀರಿನ ಟಾಕಿ, ಒಂದು ಡಿಶ್ಶು: ಇವಿಷ್ಟೇ ಇಂದಿನ ಮಾಳಿಗೆಯ ಸಂಪತ್ತು. ಚೈತ್ರ ವೈಶಾಖಗಳಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ಮುಟ್ಟುವಾಗ ಆ ಮಾಳಿಗೆಯ ಕಾಂಕ್ರೀಟು ಹಗಲೆಲ್ಲ ನುಂಗಿದ ಕಾವನ್ನು ಇರುಳೆಲ್ಲ ಕೆಳಗಿನವರ ಮೇಲೆ ಕಾರುತ್ತದೆ. ನೆರಳಿಲ್ಲದ ಅಂಗಳವೂ ಅದಕ್ಕೆ ಜೊತೆಗೂಡುತ್ತದೆ. ಬೇವಿನ ಕಟ್ಟೆಯನ್ನು ಕಳೆದುಕೊಂಡ ಮುದುಕರೂ ಒಲೆಯ ಮುಂದಿನ ಹೆಂಗಸರೂ ಅದನ್ನು ಅನುಭವಿಸುತ್ತಾರೆ. ಮರ ಕಡಿಸಿದವನು ಸಂಜೆಯ ಹೊತ್ತಿಗೆ ಪೇಟೆಯ ಚಹಾದಂಗಡಿಯಲ್ಲಿರುತ್ತಾನೆ.

ಹಾಗೆಂದು ಹೊಲದ ಎರೆಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಛಾವಣಿಗೆ ಸುರಿಯಬೇಡಿರಿ. ಜನ ಓಡಾಡುವ ಛಾವಣಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಭಾರವನ್ನು ಹಿಡಿದು ಲೆಕ್ಕ ಹಾಕುತ್ತಾರೆ. ನೆನೆದ ಎರೆಮಣ್ಣನ್ನು ಒಂದಡಿ ದಪ್ಪ ಹರಡಿದರೆ ಅದೇ ಚದರ ಮೀಟರಿನ ಭಾರವು 500 ಕಿಲೋವನ್ನು ಮೀರುತ್ತದೆ. ಮಾಗಿದ ತಿಪ್ಪೆಗೊಬ್ಬರ, ತೆಂಗಿನ ನಾರಿನ ಪುಡಿ, ಕಲಘಟಗಿಯ ಕಡೆ ಸುಲಭವಾಗಿ ಸಿಗುವ ಬತ್ತದ ಹೊಟ್ಟು ಇವುಗಳಿಗೆ ಅಲ್ಪಸ್ವಲ್ಪ ಮಣ್ಣು ಬೆರೆಸಿ, ಗೋಡೆಯು ಭಾರ ಹೊರುವ ಅಂಚುಗಳಲ್ಲಿ ಕುಂಡಗಳನ್ನಿಟ್ಟರೆ ಮೆಂತ್ಯ, ರಾಜಗಿರಿ, ಬದನೆ, ಹೀರೆಗಳು ಬಂದಾವು. ಉಳಿದ ಭಾಗಕ್ಕೆ ಸುಣ್ಣ ಬಳಿದರೂ ಕಾವು ಇಳಿದೀತು. ಕೆಳಗೆ ಒಂದು ಬಚ್ಚಲಗುಂಡಿ ತೋಡಿರಿ. ಅದರ ಮಗ್ಗುಲಿಗೆ ಒಂದು ಬಾಳೆ ನೆಡಿರಿ. ನಿಮ್ಮ ಮುಂದಿಡಲು ಇದಕ್ಕಿಂತ ದೊಡ್ಡ ಯೋಜನೆಯೊಂದು ನನ್ನಲ್ಲಿಲ್ಲ, ಅದರ ಅಗತ್ಯವೂ ಇಲ್ಲ. ಗಿಡ ನೆಡುವುದನ್ನು ಒಕ್ಕಲಿಗನಿಗೆ ಕಲಿಸಲು ಹೊರಡುವುದು ಹಾಸ್ಯಾಸ್ಪದ. ನಮಗೆ ವಿದ್ಯೆಯ ಕೊರತೆಯಿಲ್ಲ. ಕೊರತೆಯಿರುವುದು ಮಾನದ ಅರ್ಥವನ್ನು ತಿಳಿದುಕೊಳ್ಳುವಲ್ಲಿ.

ಆದ್ದರಿಂದ ಕೈಮುಗಿದೂ, ಗದರಿಸಿಯೂ ಕೇಳುತ್ತೇನೆ. ರೋಹಿಣಿ ಮಳೆ ಬೀಳುವ ಮುನ್ನ ನಿಮ್ಮ ಅಂಗಳದ ಒಂದು ಮೂಲೆಯ ಗಚ್ಚನ್ನಾದರೂ ಒಡೆಯಿರಿ. ಮನೆ ಕಟ್ಟಿಸುತ್ತಿರುವವರು ಮೇಸ್ತ್ರಿಗೆ ‘ಇಷ್ಟು ನೆಲ ಮುಟ್ಟಬೇಡ’ ಎಂದು ಗೆರೆ ಕೊರೆದು ತೋರಿಸಿರಿ. ಗರಗಸದವನು ಬಾಗಿಲಿಗೆ ಬಂದಿದ್ದರೆ ಇಂದೇ ಹಿಂದಕ್ಕೆ ಕಳುಹಿಸಿರಿ. ಮುಂದಿನ ವರ್ಷ ನೋಡೋಣವೆಂದು ಹೇಳುವವರ ಕಣ್ಣೆದುರಿಗೇ ಪ್ರತಿ ಬೇಸಿಗೆಯೂ ಓಣಿಯ ಮರಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ, ಮತ್ತು ಇಂದು ನೆಟ್ಟ ಬೇವು ನೆರಳು ಕೊಡಲು ಹಲವು ವರ್ಷ ಬೇಡುತ್ತದೆ. ಬೀಗರ ಮುಂದೆ ನಾಚಿದ್ದಾಯಿತು. ಹುಟ್ಟಿದ ಮಣ್ಣನ್ನು ಮೆಟ್ಟಲು ಒಂದಡಿ ಜಾಗವನ್ನೂ ಉಳಿಸಲಿಲ್ಲವೇಕೆಂದು ಮೊಮ್ಮಕ್ಕಳು ಕೇಳುವಾಗ ಅವರ ಮುಂದೆ ನಾಚುವ ಗತಿ ಬರಬಾರದೆಂದಿದ್ದರೆ, ಹಾರೆಯನ್ನು ಈಗಲೇ ಎತ್ತಿಕೊಳ್ಳಿರಿ.